ಮಡುವಿಗಿಳಿದ ಕಾಳನ್, ಮೇಣ ಇಟ್ಟ ಚಿಕ್ಕಿ

ಬೇರೆಯವರ ಮನೆಯ ಹೆಣವನ್ನು ನೀರಿನಿಂದ ಮೇಲೆ ತರಲು ಹೋಗಿ ಕಾಳನ್ ತನ್ನ ಎರಡೂ ಕಿವಿ ಕಳೆದುಕೊಂಡ. ಅದಾದ ಮೇಲೆ ಅವನೂ ಅವನ ಹೆಂಡತಿ ಚಿಕ್ಕಿಯೂ ಪಟ್ಟ ಸಂಕಟ ಊರಿಗೆ ಗೊತ್ತಿಲ್ಲ. ಹೊಸಬರು ಅವನನ್ನು ಕಿವುಡ ಕಾಳನ್ ಅಂತ ಕರೆಯುತ್ತಾರೆ, ಅಷ್ಟೇ. ಅವನು ಹೇಗೆ ಕಿವುಡಾದ ಅನ್ನುವುದನ್ನು ಯಾರಾದರೂ ಬರೆದಿಡಬೇಕು. ಆ ದಿನ ಹಗ್ಗ ಹಿಡಿದವನು ನಾನು, ಇಲ್ಲಿನ ಚಾಯದಂಗಡಿಯವನು. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಕಾಳನ್ ಮರಕ್ಕಡವಿನ ದೋಣಿಯವನು. ಈ ದಡ ನಮ್ಮ ವಯನಾಡು, ಆ ದಡ ಕರ್ನಾಟಕ. ನಡುವೆ ಕಬಿನಿ. ಆಚೆ ದಡದವರು ಬಾಯಿಗೆ ಕೈ ಹಿಡಿದು ‘ಕೂಯ್’ ಎಂದು ಕೂಗಿದರೆ ಇವನು ದೋಣಿ ಬಿಡಬೇಕು. ಬರೀ ಕೂಗಿನಲ್ಲೇ ಅವನಿಗೆ ಆಳು ಗೊತ್ತಾಗುತ್ತಿತ್ತು. ‘ಉಪ್ಪಿನ ಮೂಟೆಯೋನು ಬಂದ’ ಅನ್ನುತ್ತಾ ಹುಟ್ಟು ಎತ್ತಿಕೊಳ್ಳುತ್ತಿದ್ದ. ದೋಣಿ ಇಲ್ಲದ ದಿನ ಕಾಡಿಗೆ ಹೋಗುತ್ತಿದ್ದ. ಕಾಡಿನಲ್ಲಿ ಆನೆ ಕಣ್ಣಿಗೆ ಕಾಣುವ ಮೊದಲು ಕಿವಿಗೆ ಸಿಗುತ್ತದೆ. ಹೀಗೆ ಅವನ ಎರಡು ಅನ್ನವೂ ಕಿವಿಯ ಮೇಲೆ ನಿಂತಿತ್ತು.

ದೋಣಿ ನಿಲ್ಲುವ ಕಡವಿನ ಕೆಳಗೆ ಒಂದು ಮಡು ಇದೆ. ಮೂರಾಳು ಆಳ. ಅದರಲ್ಲಿ ಏನು ಬಿದ್ದರೂ ತೆಗೆಯಲು ಕಾಳನೇ ಬೇಕು. ಬಿದಿರಿನ ಗಳುವನ್ನು ತಳಕ್ಕೆ ಊರಿ, ಅದನ್ನು ಹಿಡಿದು ಕೆಳಗಿಳಿಯುತ್ತಿದ್ದ. ಮಾರಿಗೊಮ್ಮೆ ನಿಂತು ಮೂಗು ಹಿಡಿದು ಒಳಗೇ ಮೆಲ್ಲಗೆ ಊದುತ್ತಿದ್ದ. ಕೆಳಗೆ ಹೋದಷ್ಟೂ ನೀರು ಕಿವಿಯನ್ನು ಒತ್ತುತ್ತದೆ, ಒಳಗಿನಿಂದ ಗಾಳಿ ಕೊಟ್ಟು ಎದುರು ಒತ್ತಬೇಕು ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಇಳಿಯುವ ಮುಂಚೆ ದಡದಲ್ಲೇ ಒಮ್ಮೆ ಊದಿ ನೋಡಬೇಕು. ಎರಡೂ ಕಿವಿಯಲ್ಲಿ ‘ಟಿಕ್’ ಅನ್ನಬೇಕು. ಶೀತವಾಗಿದ್ದರೆ ಅನ್ನುವುದಿಲ್ಲ. ಅನ್ನದಿದ್ದರೆ ಇಳಿಯುವ ಹಾಗಿಲ್ಲ.

ಒಮ್ಮೆ ವೇಲಾಯುಧನ್ ಚೆಟ್ಟರ ಹೊಸ ವಾಚು ದೋಣಿಯಿಂದ ಬಿತ್ತು. ಬತ್ತೇರಿ ಪೇಟೆಯಲ್ಲಿ ತೆಗೆದುಕೊಂಡ ವಾಚು. ಚೆಟ್ಟರು ನಮ್ಮ ಕಡೆಯ ಗದ್ದೆಯವರು, ಹಿರಿಯರ ಕಾಲದಲ್ಲಿ ಕರ್ನಾಟಕದಿಂದ ಬಂದ ಮನೆತನ, ಬಾಯಿ ಜೋರು. ಕಾಳನ್ ಮೂಗು ಹಿಡಿದು ಊದಿ ತಲೆಯಾಡಿಸಿದ.

“ಒಂದೇ ಬುಟ್ಕೊಂಡ್ತು ಚೆಟ್ರೆ. ಎಡದ್ದು ಕಟ್ಯದೆ. ಇವತ್ತು ಆಗಕಿಲ್ಲ.”

“ಕಟ್ಟಿದ್ರೆ ಏನ್ಲಾ? ನೀನೇನು ಕಿವೀಲಿ ಈಜ್ತೀಯಾ?”

ದೋಣಿಯಲ್ಲಿದ್ದವರು ನಕ್ಕರು. ಕಾಳನ್ ನಗಲಿಲ್ಲ.

“ಕಿವಿ ಹೋದ ಮ್ಯಾಲೆ ಪಿನ್ನೆ ಕೂಯ್ ಅಂದದ್ದ ಕೇಳಾಕೆ ನಿಮ್ಮಪ್ಪ ಬಂದಾರಾ?”

“ನಮ್ಮಪ್ಪ ಸತ್ತು ಹತ್ತೊರ್ಸ ಆತಲ್ಲೋ.”

“ಅದ್ಕೇ. ನಾನೇ ಕೇಳ್ಬೇಕಲ್ಲ.”

ಆಗ ಚೆಟ್ಟರೂ ನಕ್ಕರು. ಐದು ದಿನ ಬಿಟ್ಟು, ಶೀತ ಹೋದ ಮೇಲೆ, ಕಾಳನ್ ವಾಚು ತೆಗೆದುಕೊಟ್ಟ. ಅದು ನಿಂತುಹೋಗಿತ್ತು. ಚೆಟ್ಟರು ನಿಂತ ವಾಚನ್ನೇ ಕಟ್ಟಿಕೊಂಡು ತಿರುಗಿದರು.

ವಯನಾಡು ಬೇರೆ ಜಿಲ್ಲೆಯಾದ ಎರಡನೇ ವರ್ಷ, ಮಳೆ ಮುಗಿಯುವ ಹೊತ್ತು. ಒಂದು ಸಂಜೆ ವೇಲಾಯುಧನ್ ಚೆಟ್ಟರು ಎತ್ತುಗಳನ್ನು ತೊಳೆಯಲು ಹೊಳೆಗೆ ಇಳಿದರು. ಕಾಲು ಜಾರಿತು. ಎತ್ತುಗಳು ಈಜಿ ದಡ ಸೇರಿದವು. ಚೆಟ್ಟರು ಸೇರಲಿಲ್ಲ.

ಬೆಳಿಗ್ಗೆ ಊರೆಲ್ಲ ಕಡವಿನಲ್ಲಿತ್ತು. ಮುಳುಗಿ ಹೆಣ ತೆಗೆಯುವವರನ್ನು ಕರೆಸಿ ಅಂದರು. ಎಲ್ಲಿಂದ? ಹೊಸ ಜಿಲ್ಲೆ. ಜಿಲ್ಲಾ ಕಚೇರಿ ಕಲ್ಪೆಟ್ಟದಲ್ಲಿ ಅಂತ ಒಬ್ಬರು ಅಂದರು, ಇನ್ನೂ ಕೋಝಿಕ್ಕೋಡಿನಲ್ಲೇ ಅಂತ ಒಬ್ಬರು ಅಂದರು. ಎಲ್ಲಿಗೆ ಹೇಳಿಕಳಿಸಬೇಕು ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಕಾಳನ್‌ಗೆ ನಾಲ್ಕು ದಿನದಿಂದ ಶೀತ. ಮೂಗು ಹಿಡಿದು ಊದಿದ. ಎರಡು ಕಿವಿಯೂ ಬಿಡಲಿಲ್ಲ. ಅವನು ದೋಣಿಯ ಅಂಚಿನಲ್ಲಿ ಕುಳಿತ.

ಚೆಟ್ಟರ ಹೆಂಡತಿ ಕೌಸಲ್ಯ ಅಳುತ್ತಿರಲಿಲ್ಲ. ಹತ್ತಿರ ಬಂದು ಹೇಳಿದರು.

“ಕಾಳಾ, ಬಲವಂತ ಮಾಡಲ್ಲಪ್ಪ. ಹೊಳೇಲಿ ಮೊಸಳೆ ಅದೆ. ಅದು ಮುಟ್ಟೋಕೆ ಮುಂಚೆ ಅವರ ಮುಖ ಒಂದ್ಸಲ ನೋಡ್ಬೇಕು ಅಂತ ಆಸೆ. ಅಷ್ಟೇ.”

ಕಾಳನ್ ಎದ್ದ. ಸೊಂಟಕ್ಕೆ ಹಗ್ಗ ಕಟ್ಟಿದ. ಕಾಳನ್, ಚಿಕ್ಕಿ ಕಾಡಿನ ಮೂಲದವರು; ಅವರ ಜನದಲ್ಲಿ ಜೇನಿಗೆ ಬಂಡೆಯಿಂದ ಇಳಿಯುವವನ ಹಗ್ಗವನ್ನು ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು, ತಂಗಿಯ ಗಂಡನನ್ನು ಯಾರೂ ಕೈಬಿಡುವುದಿಲ್ಲ ಅಂತ. ನೀರಿಗೂ ಹಾಗೇ. ಚಿಕ್ಕಿಯ ಅಣ್ಣ ದೂರದ ನೂಲ್ಪುಳದಲ್ಲಿದ್ದ. ಅವಳು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟಳು. “ಇವತ್ತು ನೀನೇ ಅಣ್ಣ” ಎಂದಳು.

ಮೊದಲ ಸಲ ಒಂದಾಳು ಇಳಿದು ತಟ್ಟನೆ ಮೇಲೆ ಬಂದ. ಹಣೆ ಒತ್ತಿ ಹಿಡಿದಿದ್ದ. “ಹುಬ್ಬಿನ ಮ್ಯಾಲೆ ಮೊಳೆ ಹೊಡ್ದಂಗೆ ಆಯ್ತದೆ” ಎಂದ. ಕಿವಿಯೂ ಸೀಳುತ್ತಿದೆ ಎಂದ.

ಚಿಕ್ಕಿಯ ತವರಿನವರು ಜೇನು ಕೀಳುವಾಗ ನೊಣ ಹೊಗದಂತೆ ಕಿವಿಗೆ ಮೇಣ ಇಟ್ಟುಕೊಳ್ಳುತ್ತಿದ್ದರು. ನೀರು ಒಳಗೆ ಹೊಕ್ಕಿಯೇ ನೋವು ಬರುತ್ತಿದೆ ಎಂದು ಅವಳು ತಿಳಿದಳು. ಸೆರಗಿನ ಗಂಟಿನಿಂದ ಜೇನುಮೇಣ ತೆಗೆದು ಅಂಗೈಯಲ್ಲಿ ಉಜ್ಜಿ ಮೆತ್ತಗೆ ಮಾಡಿದಳು.

“ಬ್ಯಾಡ. ನಮ್ಮಪ್ಪ ಇದೆಲ್ಲ ಇಡ್ತಿರ್ನಿಲ್ಲ” ಎಂದ ಕಾಳನ್.

“ನಿಮ್ಮಪ್ಪಂಗೆ ನಾನು ಹೆಂಡ್ತಿ ಆಗಿರ್ನಿಲ್ಲ. ತಲೆ ಬಗ್ಸು.”

ಆ ಹೊತ್ತಿನಲ್ಲೂ ಯಾರೋ ಒಬ್ಬರು ನಕ್ಕರು. ಕಾಳನ್ ತಲೆ ಬಗ್ಗಿಸಿದ. ಅವಳು ಎರಡೂ ಕಿವಿಗೆ ಮೇಣ ಒತ್ತಿದಳು.

ಎರಡನೇ ಸಲ ತಳ ಮುಟ್ಟಿ ಬಂದ. ನಾವು ಕೇಳಿದ್ದು ಅವನಿಗೆ ಕೇಳಿಸಲಿಲ್ಲ. ಮೇಣ ಇದೆಯಲ್ಲ, ಅದಕ್ಕೆ ಅಂದುಕೊಂಡೆವು. ಮೂರನೇ ಸಲ ಹೋದವನು ಬಹಳ ಹೊತ್ತು ಬರಲಿಲ್ಲ. ಹಗ್ಗ ಎರಡು ಸಲ ಜಗ್ಗಿತು. ಎಳೆದೆವು. ಹಗ್ಗವನ್ನು ಚೆಟ್ಟರ ಸೊಂಟಕ್ಕೆ ಕಟ್ಟಿದ್ದ. ತಾನು ಅದನ್ನೇ ಹಿಡಿದು ಬಂದಿದ್ದ. ಚೆಟ್ಟರು ಹೊಂಗೆಯ ಬೇರಿನ ಅಡಿ ಸಿಕ್ಕಿಕೊಂಡಿದ್ದರಂತೆ.

ಕಾಳನ್ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಕಿವಿಯಿಂದಲೂ. ದೋಣಿ ಪಕ್ಕದಲ್ಲೇ ಇದ್ದರೂ ಅದನ್ನು ಹಿಡಿಯಲು ಮೇಲಕ್ಕೆ ಕೈ ಚಾಚುತ್ತಿದ್ದ. ಮೇಲೆ ಯಾವುದು ಕೆಳಗೆ ಯಾವುದು ಅವನಿಗೆ ತಿಳಿಯುತ್ತಿರಲಿಲ್ಲ. ದಡಕ್ಕೆ ಹಾಕಿದರೆ ವಾಂತಿ ಮಾಡಿಕೊಂಡ. ಆ ಕಡೆ ಕೌಸಲ್ಯ ಗಂಡನ ಮುಖ ತೊಳೆಯುತ್ತಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ.

ಕಿವಿ ಸೋರತೊಡಗಿತು. ಜ್ವರ ಬಂತು. ಮೇಣ ನೀರಿನಲ್ಲಿ ಬಿದ್ದುಹೋಗಿರಬೇಕು ಅಂದುಕೊಂಡು ಚಿಕ್ಕಿ ಸೊಪ್ಪಿನ ರಸ ಬಿಟ್ಟಳು. ಒಂಬತ್ತು ದಿನ ಕಳೆದ ಮೇಲೆ ನಾನು ಅವರಿಬ್ಬರನ್ನೂ ಬಸ್ಸಿನಲ್ಲಿ ಬತ್ತೇರಿಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಚಿಮಟ ಹಾಕಿ ಎರಡೂ ಕಿವಿಯ ಆಳದಿಂದ ಎರಡು ಮೇಣದ ಉಂಡೆ ತೆಗೆದು ತಟ್ಟೆಗೆ ಹಾಕಿದರು. ಕಾಳನ್ ನೋವಿಗೆ ಕಣ್ಣು ಮುಚ್ಚಿದ್ದ. ಡಾಕ್ಟರು ಮಲಯಾಳದಲ್ಲಿ ನಮಗೆ ಬಿಡಿಸಿ ಹೇಳಿದರು. ಕಿವಿಯೊಳಗೆ ಒಂದು ತೆಳು ಚರ್ಮ. ಅದರ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆ. ಕೋಣೆಗೆ ಮೂಗಿನ ಹಿಂದಿನಿಂದ ದಾರಿ. ಶೀತದಲ್ಲಿ ಆ ದಾರಿ ಊದಿ ಮುಚ್ಚುತ್ತದೆ, ಗಾಳಿ ಕೊಡಲು ಆಗುವುದಿಲ್ಲ. ಹುಬ್ಬು, ಕೆನ್ನೆಗಳ ಮೂಳೆಯೊಳಗೂ ಗಾಳಿಯ ಗೂಡುಗಳಿವೆ. ಅವು ಕಟ್ಟಿಕೊಂಡೇ ಹಣೆಗೆ ಮೊಳೆ ಹೊಡೆದ ಹಾಗಾಯಿತು, ಮೂಗಿನಲ್ಲಿ ರಕ್ತ ಬಂತು. ಇಷ್ಟೇ ಆಗಿದ್ದರೆ ವಾಸಿಯಾಗುತ್ತಿತ್ತೇನೋ. ಆದರೆ ನೀರಿನ ಭಾರ ಮೇಣವನ್ನು ಬಿರಡೆಯ ಹಾಗೆ ಒಳಕ್ಕೆ ದೂಡಿದೆ. ಚರ್ಮ ಹರಿದಿದೆ. ಅದರ ಒಳಗಿನದೂ ಕೆಟ್ಟಿದೆ. ಇನ್ನು ಕೇಳಿಸುವುದು ಕಷ್ಟ.

“ಈ ಮೇಣ ಇಟ್ಟವರು ಯಾರು?” ಎಂದು ಡಾಕ್ಟರು ಕೇಳಿದರು.

ನಾನು ಗೊತ್ತಿಲ್ಲ ಎಂದೆ. ಚಿಕ್ಕಿ ತಟ್ಟೆಯಿಂದ ಎರಡು ಉಂಡೆಯನ್ನೂ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಬಸ್ಸಿನಲ್ಲಿ ಹೇಳಿದಳು.

“ಅಣ್ಣಾ, ಇದ ಅವಂಗೆ ಹೇಳ್ಬ್ಯಾಡ. ನನ್ನ ಕೈಯ ಅವನು ಪಿನ್ನೆ ಯಾವತ್ತೂ ಮುಟ್ಟಾಕಿಲ್ಲ.”

ಹೇಳುವುದಿಲ್ಲ ಎಂದೆ. ಕಾಳನ್ ನಮ್ಮ ಮುಂದಿನ ಸೀಟಿನಲ್ಲೇ ಇದ್ದ. ಅವನಿಗೆ ಏನೂ ಕೇಳುತ್ತಿರಲಿಲ್ಲ.

ಕೂಗು ಕೇಳದವನಿಗೆ ದೋಣಿ ಕೊಡುವವರು ಯಾರು? ಒಂದು ತಿಂಗಳು ನೋಡಿದರು. ಆಚೆ ದಡದಲ್ಲಿ ಜನ ಕೂಗಿ ಕೂಗಿ ವಾಪಸು ಹೋದರು. ದೋಣಿ ಬೇರೆಯವನಿಗೆ ಹೋಯಿತು. ಕಾಡಿಗೆ ಚಿಕ್ಕಿಯೇ ಬಿಡಲಿಲ್ಲ. ಕೌಸಲ್ಯ ಗದ್ದೆಯಲ್ಲಿ ಕಳೆ ತೆಗೆಯುವ ಕೆಲಸ ಕೊಟ್ಟರು. ಅಲ್ಲಿ ಎಲ್ಲರೂ ಮಾತಾಡಿಕೊಂಡು ಕಳೆ ಕೀಳುತ್ತಾರೆ, ಇವನೊಬ್ಬ ತಲೆ ಎತ್ತುತ್ತಿರಲಿಲ್ಲ.

ಚಿಕ್ಕಿ ಅವನ ಮುಖ ನೋಡುವುದನ್ನು ಬಿಟ್ಟಳು. ಗಂಜಿ ಇಟ್ಟು ಹೊರಗೆ ಹೋಗಿ ಕೂರುತ್ತಿದ್ದಳು. ನೂಲ್ಪುಳದ ಅಣ್ಣ ಜೇನುಹುಟ್ಟು ತಂದುಕೊಟ್ಟರೆ ಜೇನು ಹಿಂಡಿ ಮೇಣವನ್ನು ಬೇಲಿಯಾಚೆ ಎಸೆಯುತ್ತಿದ್ದಳು. ಹೀಗೆ ಒಂದು ವರ್ಷವಾಯಿತು.

ಒಂದು ಮಧ್ಯಾಹ್ನ ಕಾಳನ್ ನನ್ನ ಚಾಯದಂಗಡಿಗೆ ಬಂದ. ಬೇಲಿಯಾಚೆಯಿಂದ ಆರಿಸಿದ ಮೇಣದ ಮುದ್ದೆ ಕೈಯಲ್ಲಿತ್ತು. ಕಿವುಡರು ಜೋರಾಗಿ ಮಾತಾಡುತ್ತಾರೆ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ್ದು ಒಳ್ಳೆಯದಾಯಿತು.

“ಅಣ್ಣಾ, ನಾನು ಕಿವುಡ ಅಂತ ಅವ್ಳಿಗೆ ಬ್ಯಾಸರ ಆಗದೆ. ಮುಕ ನೋಡಾಕಿಲ್ಲ. ಮೇಣ ಮಾರಿದ್ರೆ ಅಕ್ಕಿ ಬತ್ತದೆ, ಅದ್ನೂ ಬಿಸಾಕ್ತಾಳೆ. ನನ್ನ ಬುಟ್ಟು ತವರಿಗೆ ಹೋಗಾಕೆ ನೋಡ್ತಾವಳಾ? ನಿಂಗೆ ಗೊತ್ತು. ಯೋಳು.”

ನಾನು ಮಾತು ಕೊಟ್ಟಿದ್ದೆ. ಆದರೆ ಅವನು ತಿಳಿದದ್ದು ಅದಕ್ಕಿಂತ ಕೆಟ್ಟದ್ದು. ಅವನ ಕೈಯ ಮುದ್ದೆಯಿಂದ ಚೂರು ಮುರಿದೆ. ಉಂಡೆ ಮಾಡಿ ನನ್ನ ಕಿವಿಯ ಹತ್ತಿರ ಹಿಡಿದೆ. ಬತ್ತೇರಿಯ ಕಡೆ ಕೈ ತೋರಿಸಿದೆ. ಚಿಮಟದಿಂದ ಎಳೆಯುವ ಹಾಗೆ ಎಳೆದು ತೋರಿಸಿದೆ. ಆಮೇಲೆ ಅವರ ಗುಡಿಸಲಿನ ಕಡೆ ತೋರಿಸಿ, ಚಿಕ್ಕಿಯ ಹಾಗೆ ಮುಷ್ಟಿ ಮುಚ್ಚಿದೆ.

ಅವನು ನನ್ನ ಮುಷ್ಟಿ ಬಿಡಿಸಿ ಉಂಡೆಯನ್ನು ನೋಡಿದ. ಎದ್ದು ಹೊರಟ. ಹೊಡೆದುಬಿಟ್ಟಾನು ಅಂತ ಹೆದರಿ ನಾನೂ ಹಿಂದೆ ಹೋದೆ.

ಚಿಕ್ಕಿ ಅಂಗಳದಲ್ಲಿ ಸೌದೆ ಸೀಳುತ್ತಿದ್ದಳು. ಕಾಳನ್ ಅವಳ ಕೈಯಿಂದ ಕತ್ತಿ ತೆಗೆದು ಪಕ್ಕಕ್ಕಿಟ್ಟ. ಎದುರು ಕುಕ್ಕರುಗಾಲಿನಲ್ಲಿ ಕುಳಿತ.

“ಆ ಮೇಣ ನಾನು ಆಗ್ಲೇ ಕಿತ್ತು ಬಿಸಾಕ್ದೆ ಕಣೆ. ನೀರಿಗಿಳಿದ ಕೂಡ್ಲೇ. ತಳಕ್ಕೆ ಹೋದಾಗ ಕಿವೀಲಿ ಏನೂ ಇರ್ನಿಲ್ಲ. ಇದು ಸೀತದಿಂದ ಆದದ್ದು. ಆ ದಡದವರ್ಗೂ ಕೇಳ್ಸಂಗೆ ಯೋಳ್ತೀನಿ, ಸೀತದಿಂದ.”

ಅದು ಸುಳ್ಳು. ಎರಡು ಉಂಡೆಯನ್ನೂ ಡಾಕ್ಟರು ತೆಗೆದದ್ದನ್ನು ಚಿಕ್ಕಿ ನೋಡಿದ್ದಳು, ನಾನೂ ನೋಡಿದ್ದೆ. ಚಿಮಟ ಹಾಕಿದ್ದು ಅವನ ಕಿವಿಗೇ. ಏನು ತೆಗೆದರೆಂದು ನಾನು ಈಗಷ್ಟೇ ತೋರಿಸಿದ್ದೆ, ಅವನಿಗೂ ಗೊತ್ತು.

ಚಿಕ್ಕಿ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಒಂದು ವರ್ಷದಿಂದ ಹಿಡಿದಿಟ್ಟದ್ದನ್ನೆಲ್ಲ ಹೇಳತೊಡಗಿದಳು. ತಪ್ಪಾಯಿತು ಎಂದಳು, ನಿನ್ನ ಅಪ್ಪನ ಮಾತು ಕೇಳಬೇಕಿತ್ತು ಎಂದಳು, ಬೈದಳು, ಅತ್ತಳು. ಅಷ್ಟೂ ಮಾತು ನನಗೆ ಕೇಳಿಸಿತು. ಕೇಳಬೇಕಾದವನು ಅವಳ ತುಟಿ ನೋಡುತ್ತಾ ಹೂಂ, ಹೂಂ ಎನ್ನುತ್ತಿದ್ದ.

ಅವರು ಈಗಲೂ ಅದೇ ಗುಡಿಸಲಿನಲ್ಲಿದ್ದಾರೆ. ಜಗಳವಿಲ್ಲ. ಆದರೆ ಕಾಳನ್‌ಗೆ ಮನುಷ್ಯರು ಬೇಕು. ಅವನೊಂದಿಗೆ ಮಾತಾಡುವುದು ಕಷ್ಟ ಎಂದು ಯಾರೂ ಆ ಕಡೆ ಹೋಗುವುದಿಲ್ಲ. ಓದಿದವರು ಒಮ್ಮೆ ಹೋಗಿ ನೋಡಿ. ಪುಲ್ಪಳ್ಳಿಯಿಂದ ಮರಕ್ಕಡವಿಗೆ ಬಂದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಹಿಂದಿನಿಂದ ಹೋಗಬೇಡಿ, ಬೆಚ್ಚುತ್ತಾನೆ. ಎದುರು ಕುಳಿತು, ಕೈಯಾಡಿಸಿ, ನಿಧಾನವಾಗಿ ಮಾತಾಡಿ. ಚಿಕ್ಕಿ ಕಪ್ಪು ಚಾಯ ಕೊಡುತ್ತಾಳೆ, ಕುಡಿಯಿರಿ. ಕಿವಿ ಹೇಗೆ ಹೋಯಿತು ಎಂದು ಕೇಳಿದರೆ ಶೀತದಿಂದ ಅನ್ನುತ್ತಾನೆ. ಹೌದು ಅನ್ನಿ.