ಸಿದ್ದಣ್ಣನ ಬಾಡಿಗೆ ಮನೆ ಖಾಲಿಯಾದದ್ದು

ನಮ್ಮ ಸಿದ್ದಲಿಂಗಪ್ಪನಿಗೆ ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ಎರಡು ಮನೆ. ಒಂದರಲ್ಲಿ ಅವನಿದ್ದಾನೆ. ಅದಕ್ಕೇ ಅಂಟಿಕೊಂಡಿರುವ ಪಕ್ಕದ ಮನೆ ಜೂನ್ ತಿಂಗಳಿಂದ ಖಾಲಿ ಬಿದ್ದಿದೆ. ಬಾಡಿಗೆಗೆ ಸಿಗುತ್ತದೆಯೇ ಎಂದು ಯಾರಾದರೂ ಬಂದು ಬೆಲ್ ಒತ್ತುತ್ತಲೇ ಇರುತ್ತಾರೆ. ಸಿದ್ದಣ್ಣ ಬಾಗಿಲನ್ನು ಅರ್ಧ ತೆಗೆದು, ಇಲ್ಲ ಎಂದು ತಲೆಯಾಡಿಸಿ ಮುಚ್ಚುತ್ತಾನೆ. ಅವನಿಗೇನು ತಲೆ ಕೆಟ್ಟಿದೆಯೇ ಎಂದು ಜನ ನನ್ನನ್ನು ಕೇಳುತ್ತಾರೆ. ನಾನು ಎದುರು ಮನೆಯ ಸುವರ್ಣಾ. ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ನಿಂತು ನಿಂತು ಕಾಲು ಸೋತಿವೆ, ಬಾಯಿ ಮಾತ್ರ ಸೋತಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ.

ಸಿದ್ದಣ್ಣ ಬೈಲಹೊಂಗಲದ ಕಡೆಯವನು. ಟ್ಯೂಬ್ ಎನ್ನುವ ನೆಲದಡಿಯ ರೈಲಿನ ಡಿಪೋದಲ್ಲಿ ಬ್ರೇಕು ರಿಪೇರಿ ಮಾಡುತ್ತಾ ಆಯುಷ್ಯ ಸವೆಸಿದವನು. ನಿವೃತ್ತನಾದ ಮೇಲೂ ರೈಲಿನಲ್ಲಿ ಕೂತರೆ ಪ್ರತಿ ಸ್ಟೇಷನ್ನಿನಲ್ಲಿ ಕಿವಿ ನಿಮಿರಿಸುತ್ತಾನೆ. ಬ್ರೇಕಿನ ಸದ್ದು ಸರಿಯಿಲ್ಲದಿದ್ದರೆ ಡ್ರೈವರನಿಗೆ ಹೇಳಿ ಬರುತ್ತೇನೆಂದು ಏಳುತ್ತಾನೆ. ನಾವು ಕೋಟು ಹಿಡಿದು ಕೂರಿಸಬೇಕು. ಅವನೂ ಹೆಂಡತಿ ಭುವನೇಶ್ವರಿಯೂ ಓವರ್‌ಟೈಮ್ ಮಾಡಿ ಮಾಡಿ ಆ ಎರಡನೆಯ ಮನೆ ಕೊಂಡಿದ್ದರು. ಕೊಂಡ ದಿನ ಸಿದ್ದಣ್ಣ ಅದರ ಹಿತ್ತಲಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡಿದ. ಲಂಡನ್ನಿನ ಮಣ್ಣಿನಲ್ಲಿ ಏನು ವಾಸನೆ ಬಂತೋ, ಕಣ್ಣು ತುಂಬಿಕೊಂಡ. ಅದಕ್ಕೆ ಕಾರಣವಿತ್ತು, ಆಮೇಲೆ ಹೇಳುತ್ತೇನೆ.

ಆ ಮನೆಗೆ ಬಾಡಿಗೆಗೆ ಬಂದವಳು ಮೈಸೂರಿನ ಶ್ರೀವಿದ್ಯಾ. ಗಂಡ ಬೇರೆಯಾಗಿ ದೇಶ ಬಿಟ್ಟಿದ್ದ. ಕೈಯಲ್ಲಿ ಮೂರು ವರ್ಷದ ಮಗಳು ಸಿರಿಶಾ, ಔಷಧಿ ಅಂಗಡಿಯಲ್ಲಿ ಕೆಲಸ. ಒಂಟಿ ಹೆಂಗಸೆಂದು ಏಜೆಂಟರು ಹತ್ತಾರು ಕಾಗದ ಕೇಳಿ ಸುಸ್ತು ಮಾಡಿದ್ದರು. ಸಿದ್ದಣ್ಣ ಒಂದು ಕಾಗದವನ್ನೂ ಕೇಳಲಿಲ್ಲ, ತಾನೂ ಒಂದನ್ನೂ ಕೊಡಲಿಲ್ಲ.

‘ಕರಾರು ಅಂತ ಬರಕೊಳ್ಳೂದು ಪರಕೀಯರ ಜೋಡಿ,’ ಎಂದಿದ್ದ. ‘ನೀ ನಮ್ಮ ಮಗಳಿದ್ದಂಗ. ಮಗಳ ಕಡೆ ಸಹಿ ತಗೋತಾರೇನು?’

‘ಥ್ಯಾಂಕ್ಯೂ ಅಂಕಲ್,’ ಎಂದಳು ಶ್ರೀವಿದ್ಯಾ.

‘ಅಂಕಲ್ ಅನಬ್ಯಾಡವಾ,’ ಎಂದು ಭುವನೇಶ್ವರಿ ಅಲ್ಲೇ ತಿದ್ದಿದಳು. ‘ಅಪ್ಪಾಜಿ ಅನ್ನು.’

ನಮ್ಮ ಕಡೆಯವರಿಗೆ ಇದೊಂದು ಚಟ. ಎಲ್ಲರನ್ನೂ ಮಗಳು, ತಮ್ಮ, ಕಾಕಾ ಎಂದು ಸಂಬಂಧಕ್ಕೆ ಕಟ್ಟಿಕೊಂಡರೆ ಮಾತ್ರ ನಮಗೆ ಸಮಾಧಾನ. ಆದರೆ ಈ ಮನೆಯಲ್ಲಿ ಅದು ಬರೀ ಬಾಯಿಮಾತಾಗಿರಲಿಲ್ಲ. ಎರಡು ಹಿತ್ತಲುಗಳ ನಡುವಿನ ಬೇಲಿಯಲ್ಲಿ ಸಿದ್ದಣ್ಣ ಒಂದು ಹಲಗೆ ಕಿತ್ತುಹಾಕಿದ. ಶ್ರೀವಿದ್ಯಾ ಆ ಸಂದಿಯಿಂದ ಚಪ್ಪಲಿಯಲ್ಲೇ ಬಂದುಹೋಗುತ್ತಿದ್ದಳು. ಅಡುಗೆಮನೆಗಳ ನಡುವೆ ಒಂದೇ ಗೋಡೆ; ಅವಳ ಕುಕ್ಕರ್ ಕೂಗಿದರೆ ಭುವನೇಶ್ವರಿ ಇಲ್ಲಿಂದ, ‘ಬ್ಯಾಳಿ ಇಟ್ಟಾಳ ನೋಡು,’ ಎನ್ನುತ್ತಿದ್ದಳು.

ನಾಗರಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಭುವನೇಶ್ವರಿಗೆ ಹೆಣ್ಣುಮಕ್ಕಳಿರಲಿಲ್ಲ. ಪ್ರತಿ ವರ್ಷ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಹಿತ್ತಲಿನ ಸೇಬಿನ ಗಿಡಕ್ಕೆ ಜೋಕಾಲಿ ಹಾಕಿಸಿ, ಬೇಲಿಯ ಸಂದಿಯಿಂದ ಶ್ರೀವಿದ್ಯಾಳನ್ನು ತವರಿಗೆ ಕರೆಯುತ್ತಿದ್ದಳು. ಸಂಜೆ ಉಡಿ ತುಂಬುತ್ತಿದ್ದಳು. ತುಂಬಿಸಿಕೊಂಡ ಮಗಳು ಹೋಗುವಾಗ ಒಂದು ಹಿಡಿ ಅಕ್ಕಿಯನ್ನು ತವರಲ್ಲೇ ಬಿಟ್ಟು ಹೋಗಬೇಕು, ಮತ್ತೆ ಬರುತ್ತೇನೆ ಎಂದು. ಅದನ್ನೂ ಕಲಿಸಿದಳು. ನಾವಿದನ್ನ ಮಡಿಲಕ್ಕಿ ಅಂತೀವಿ ಎಂದು ಶ್ರೀವಿದ್ಯಾ ನಗುತ್ತಾ ಸೆರಗೊಡ್ಡುತ್ತಿದ್ದಳು. ಭುವನೇಶ್ವರಿ ಹಾಸಿಗೆ ಹಿಡಿದಾಗ ಜಿಪಿ ಡಾಕ್ಟರು, ಆಸ್ಪತ್ರೆ ಎಂದು ಓಡಾಡಿದವಳೂ ಅವಳೇ. ಅವಳ ಕೈಯಿಂದ ನೀರು ಕುಡಿದೇ ಭುವನೇಶ್ವರಿ ಕಣ್ಣು ಮುಚ್ಚಿದಳು. ನಾನು ಪಕ್ಕದಲ್ಲಿದ್ದೆ, ನೋಡಿದ್ದೇನೆ.

ಇನ್ನು ಆ ಮಣ್ಣಿನ ಕಥೆ. ಸಿದ್ದಣ್ಣ ಚಿಕ್ಕವನಿದ್ದಾಗ ಅವನ ಅಪ್ಪ ಧಾರವಾಡದಲ್ಲಿ ಶಾಲೆಯ ಗುಮಾಸ್ತರು. ಊರಲ್ಲಿದ್ದ ಅವರ ಹೊಲವನ್ನು ಬಸವಂತಪ್ಪ ಎಂಬವನು ಗೇಣಿಗೆ ಮಾಡುತ್ತಿದ್ದ. ಎಪ್ಪತ್ತನಾಲ್ಕರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾಯಿದೆ ಬಂತು. ಬಸವಂತಪ್ಪ ಅರ್ಜಿ ಹಾಕಿದ, ಹೊಲ ಅವನ ಹೆಸರಿಗಾಯಿತು. ‘ನಮ್ಮ ಮನ್ಯಾಗ ಉಂಡು ನಮ್ಮ ಮ್ಯಾಲೇ ಅರ್ಜಿ ಹಾಕಿದ’ ಎಂದು ಅಪ್ಪ ಸಾಯುವತನಕ ಅವನನ್ನು ಬೈದರಂತೆ. ಈ ಕಥೆಯನ್ನು ಸಿದ್ದಣ್ಣ ನನಗೆ ಎಷ್ಟು ಸಲ ಹೇಳಿದ್ದಾನೋ. ಹೇಳಿದಾಗೆಲ್ಲ ನನಗೆ ಮುಜುಗರ, ಯಾಕೆಂದರೆ ಅದೇ ಕಾಯಿದೆಯಲ್ಲಿ ನನ್ನ ಅಪ್ಪನಿಗೆ ಹೊಲ ಬಂದಿತ್ತು. ಅವರ ಮನೆಯಲ್ಲಿ ಒಲೆ ಹೊತ್ತದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದರು.

ಈ ವರ್ಷ ಇಂಗ್ಲೆಂಡಿನಲ್ಲೂ ಬಾಡಿಗೆಯ ಕಾಯಿದೆ ಬದಲಾಯಿತು. ಇಷ್ಟು ದಿನ ಮಾಲೀಕ ಯಾವ ಕಾರಣವನ್ನೂ ಹೇಳದೆ ಎರಡು ತಿಂಗಳ ನೋಟಿಸು ಕೊಟ್ಟು ಬಾಡಿಗೆದಾರರನ್ನು ಬಿಡಿಸಬಹುದಿತ್ತು. ಮೇ ಒಂದರಿಂದ ಅದು ನಡೆಯುವುದಿಲ್ಲ, ಕಾರಣ ಬೇಕು. ಒಳ್ಳೆಯದೇ ಆಯಿತು ಎಂದು ನನಗೆ ಅನ್ನಿಸಿತ್ತು. ಆದರೆ ಇಲ್ಲಿನ ಕನ್ನಡಿಗರ ಯುಗಾದಿ ಊಟದ ದಿನ ಸ್ಟ್ಯಾನ್ಮೋರಿನ ಮಧುಸೂದನ್ ಸಿದ್ದಣ್ಣನ ಪಕ್ಕ ಎಲೆ ಹಾಕಿಸಿಕೊಂಡ. ಬೆಂಗಳೂರಿನ ಕಂಪ್ಯೂಟರ್ ಕೆಲಸದವನು, ನಾಲ್ಕಾರು ಫ್ಲಾಟುಗಳ ಒಡೆಯ.

‘ನೋಡಿ ಸಾರ್, ಮೇ ಫಸ್ಟ್ ಆದ್ಮೇಲೆ ಬಾಡಿಗೆಯೋರನ್ನ ಏಳ್ಸೋಕೇ ಆಗಲ್ಲ,’ ಎಂದ. ‘ಅವರಿಗೆ ಇಷ್ಟ ಇರೋವರೆಗೂ ಅವರದ್ದೇ ಮನೆ ಅನ್ಕೊಳ್ಳಿ. ನಾನಂತೂ ಎಲ್ಲರಿಗೂ ನೋಟಿಸ್ ಕೊಟ್ಟೆ.’

ಸಿದ್ದಣ್ಣನ ಕೈಯಲ್ಲಿದ್ದ ಹೋಳಿಗೆ ಎಲೆಯ ಮೇಲೇ ಉಳಿಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಒಂದೇ ಮಾತು: ‘ಇರಾಂವನ ಒಡೆಯ ಅಂತಾತು ಸುವರ್ಣಾ. ಮತ್ತ ಅದ ಬಂತು.’

‘ಅಣ್ಣಾ, ಅದು ಹೊಲದ ಕಾಯ್ದೆ, ಇದು ಮನಿ ಕಾಯ್ದೆ. ಇದರಾಗ ಯಾರೂ ಯಾರ ಮನೀನೂ ಕಸಗೊಳ್ಳೂದಿಲ್ಲ. ಶ್ರೀವಿದ್ಯಾ ಏನ ಬಸವಂತಪ್ಪನ?’

‘ಬಸವಂತಪ್ಪನೂ ಮಗನಂಗನ ಇದ್ದ,’ ಎಂದ. ಮೇಲಿಂದ, ‘ನಿಮ್ಮಪ್ಪಗ ಹೊಲ ಬಂತು. ಕಳಕೊಂಡವರ ಸಂಕಟ ನಿನಗೇನ ಗೊತ್ತವಾ?’ ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಪ್ಪ ಬೆವರು ಸುರಿಸಿದ ಹೊಲ ಅದು, ದಾನವಲ್ಲ, ಎಂದು ರಸ್ತೆಯಲ್ಲೇ ಕೂಗಾಡಿ ಅವನ ಜೊತೆ ಮಾತು ಬಿಟ್ಟೆ. ನಾನು ಮಾತು ಬಿಟ್ಟ ಆ ದಿನಗಳಲ್ಲೇ ಅವನು ಮಧುಸೂದನನಿಂದ ನೋಟಿಸು ಬರೆಸಿಕೊಂಡು ಬಂದ. ಬೇಲಿಯ ಸಂದಿಯಿಂದ ಹೋಗಿ ಕೊಡಲು ಅವನಿಗೆ ಮುಖವಿರಲಿಲ್ಲ. ರಸ್ತೆಯ ಕಡೆಯಿಂದ ಸುತ್ತಿ ಬಂದು, ಅವಳ ಮುಂಬಾಗಿಲ ಟಪಾಲು ಕಿಂಡಿಯಲ್ಲಿ ತುರುಕಿ, ಕಳ್ಳನ ಹಾಗೆ ಮನೆ ಸೇರಿದ. ಕಿಟಕಿಯಿಂದ ನೋಡುತ್ತಿದ್ದ ನನಗೆ ಅದೇನೆಂದು ಗೊತ್ತಾಗಲಿಲ್ಲ.

ಮರುದಿನ ಶ್ರೀವಿದ್ಯಾ ಅವನ ಮನೆಯ ಮುಂಬಾಗಿಲಿಗೆ ಬಂದು ಬೆಲ್ ಒತ್ತಿದಳು. ಇಷ್ಟು ವರ್ಷಗಳಲ್ಲಿ ಅವಳು ಆ ಬೆಲ್ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಏನೋ ಆಗಿದೆ ಎಂದು ನಾನೂ ರಸ್ತೆ ದಾಟಿ ಹೋದೆ.

‘ಅಪ್ಪಾಜಿ, ನನ್ನಿಂದ ಏನಾದ್ರೂ ತಪ್ಪಾಯ್ತಾ?’

‘ತಪ್ಪೇನಿಲ್ಲವಾ,’ ಎಂದ ಸಿದ್ದಣ್ಣ, ನೆಲ ನೋಡುತ್ತಾ. ‘ಕಾಯ್ದೆ ಬದಲಾಗಾಕತ್ತೈತಿ.’

‘ಕಾಯ್ದೆ ಬದಲಾದ್ರೆ ನಾನೂ ಬದಲಾಗ್ತೀನಾ?’

ಅವಳು ಇನ್ನಷ್ಟು ಹೊತ್ತು ನಿಂತಿದ್ದಳು. ಅವನಿಂದ ಒಂದು ಮಾತು, ತಪ್ಪಾಯಿತು ಹೋಗವಾ ಎಂಬ ಒಂದೇ ಮಾತು ಸಾಕಾಗಿತ್ತು. ಅವಳು ಹೋದ ಮೇಲೆ ನಾನು ಬೈದೆ, ಕಣ್ಣೀರು ಹಾಕಿದೆ, ಭುವನೇಶ್ವರಿಯ ಹೆಸರೆತ್ತಿದೆ. ಅವನು ಬಾಯಿ ಬಿಟ್ಟರೆ ಬಸವಂತಪ್ಪನ ಹೆಸರೇ ಬರುತ್ತಿತ್ತು.

ಜೂನ್ ಕೊನೆಗೆ ಅವಳು ಅಕ್ಸ್‌ಬ್ರಿಡ್ಜಿನಲ್ಲಿ ಫ್ಲಾಟು ಹಿಡಿದಳು. ಸಾಮಾನಿನ ವ್ಯಾನು ಬಂದ ದಿನ ಸಿದ್ದಣ್ಣ ನನ್ನ ಬಾಗಿಲಿಗೆ ಬಂದು, ‘ಆಕಿ ಉಡಿ ತುಂಬವಾ. ಭುವನಿ ಇದ್ದಿದ್ರ ತುಂಬತಿದ್ಲು,’ ಎಂದ. ಎಬ್ಬಿಸಿ ಕಳಿಸುವವನೇ ಉಡಿ ತುಂಬಿಸುವುದನ್ನು ನಾನು ಎಲ್ಲೂ ಕಂಡಿಲ್ಲ. ಆದರೂ ಆ ಹುಡುಗಿ ಬರಿ ಉಡಿಯಲ್ಲಿ ಹೋಗಬಾರದೆಂದು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ, ಕುಂಕುಮ ತೆಗೆದುಕೊಂಡು ಹೋದೆ. ಜೀನ್ಸ್ ಹಾಕಿದ್ದವಳು ದುಪಟ್ಟಾ ಹಾಸಿದಳು. ತುಂಬಿದೆ. ಅವಳು ನನ್ನ ಕಾಲಿಗೆ ನಮಸ್ಕರಿಸಿದಳು, ಬಾಗಿಲಲ್ಲಿ ನಿಂತಿದ್ದ ಸಿದ್ದಣ್ಣನಿಗೂ ನಮಸ್ಕರಿಸಿದಳು. ಆಮೇಲೆ ದುಪಟ್ಟಾದ ನಾಲ್ಕೂ ತುದಿ ಗಂಟು ಕಟ್ಟಿ ಕಾರಿನಲ್ಲಿಟ್ಟಳು. ಒಂದು ಕಾಳನ್ನೂ ಆ ಮನೆಯಲ್ಲಿ ಬಿಡಲಿಲ್ಲ. ನಾನು ಗಮನಿಸಿದೆ, ಸಿದ್ದಣ್ಣನೂ ಗಮನಿಸಿದ. ಸಿರಿಶಾ ಮಾತ್ರ ಕಾರಿನ ಕಿಟಕಿಯಿಂದ, ‘ಬೈ ಅಜ್ಜ, ಡೋಂಟ್ ಟೇಕ್ ದ ಸ್ವಿಂಗ್ ಡೌನ್,’ ಎಂದು ಕೂಗಿದಳು.

ಜುಲೈನಲ್ಲಿ ನಮ್ಮ ಲೈಬ್ರರಿಯಲ್ಲಿ ಹೊಸ ಕಾಯಿದೆಯ ಬಗ್ಗೆ ತಿಳಿಸಿಕೊಡುವ ಸಭೆಯಿತ್ತು. ನಾನು ಸಿದ್ದಣ್ಣನನ್ನು ಎಳೆದುಕೊಂಡು ಹೋದೆ. ಸಲಹೆ ಕೊಡುವ ಹೆಂಗಸು ತಾಳ್ಮೆಯಿಂದ ವಿವರಿಸಿದಳು. ಮಾಲೀಕ ತಾನೇ ಬಂದು ಇರಬೇಕೆಂದರೆ, ಇಲ್ಲವೇ ಮಾರಬೇಕೆಂದರೆ ನಾಲ್ಕು ತಿಂಗಳು ಮೊದಲು ತಿಳಿಸಿ ಮನೆ ಕೇಳಬಹುದು. ಸುಮ್ಮಸುಮ್ಮನೆ ಎಬ್ಬಿಸುವಂತಿಲ್ಲ, ಅಷ್ಟೇ. ಸಿದ್ದಣ್ಣ ಕೈಯೆತ್ತಿ, ಹತ್ತಾರು ವರ್ಷ ಇದ್ದರೆ ಮನೆ ಅವರದ್ದಾಗುತ್ತದೆಯೇ ಎಂದು ಕೇಳಿದ. ಇಲ್ಲ, ಮನೆ ನಿಮ್ಮದೇ, ಎಂದಳು. ಮತ್ತೆ ಕೇಳಿದ. ನಿಮ್ಮದೇ, ಎಂದಳು. ಮೂರನೆಯ ಸಲವೂ ಕೇಳಿದ. ನಿಮ್ಮ ಮನೆ ನಿಮ್ಮದೇ ಎಂದದ್ದಕ್ಕೆ ಅಳುವ ಮಾಲೀಕನನ್ನು ಆ ಹೆಂಗಸು ಮೊದಲ ಸಲ ನೋಡಿರಬೇಕು.

ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಅವನು ಹೊಲದ ಕಥೆಯ ಉಳಿದ ಭಾಗ ಹೇಳಿದ. ಇಷ್ಟು ವರ್ಷ ಯಾರಿಗೂ ಹೇಳದಿದ್ದ ಭಾಗ.

‘ಕಾಯ್ದೆ ಬರತೈತಿ ಅಂತ ಸುದ್ದಿ ಹಬ್ಬಿದಾಗ ಅಪ್ಪ ಧಾರವಾಡದಿಂದ ಊರಿಗೆ ಬಂದ, ನನ್ನೂ ಕರಕೊಂಡ. ನಾಳಿಂದ ಹೊಲಕ್ಕ ಬರಬ್ಯಾಡ ಅಂತ ಬಸವಂತಪ್ಪಗ ಹೇಳಿದ. ಅವ ಬಾಳ ಬೇಡಿಕೊಂಡ. ಧಣ್ಯಾರ, ನಾ ಎಂದೂ ಅರ್ಜಿ ಹಾಕಾಂವ ಅಲ್ಲ ಅಂದ. ಅಪ್ಪ ಕೇಳಲಿಲ್ಲ, ಅವನ ಎತ್ತು ಹೊಲದಿಂದ ಹೊರಗ ಹಾಕಿಸಿದ. ಅರ್ಜಿ ಹಾಕಿದ್ದು ಆಮ್ಯಾಲೆ.’

ನನಗೆ ಬೈಯಬೇಕೆನ್ನಿಸಲಿಲ್ಲ. ನಮ್ಮಪ್ಪನ ಧಣಿಯೂ ಹಾಗೇ ಮಾಡಿದ್ದನೋ ಏನೋ, ನಾನು ಕೇಳಿಯೇ ಇರಲಿಲ್ಲ.

ಆಗಸ್ಟಿನಲ್ಲಿ ಪಂಚಮಿ ಬಂತು. ಸಿದ್ದಣ್ಣ ತಾನೇ ಶೇಂಗಾ ಹುರಿದು ಉಂಡಿ ಕಟ್ಟಿದ. ಬೆಲ್ಲದ ಪಾಕ ಏರಿ ಕಲ್ಲಾಗಿದ್ದವು. ಡಬ್ಬಿ ಹಿಡಿದು ನಾವಿಬ್ಬರೂ ಅಕ್ಸ್‌ಬ್ರಿಡ್ಜಿಗೆ ಹೋದೆವು. ಶ್ರೀವಿದ್ಯಾ ನಗುತ್ತಲೇ ಬಾಗಿಲು ತೆಗೆದಳು. ಕಾಫಿ ಕೊಟ್ಟಳು. ಸಿರಿಶಾ ಉಂಡಿ ಕಚ್ಚಲಾಗದೆ ಲಾಲಿಪಾಪಿನ ಹಾಗೆ ಚೀಪುತ್ತಾ ಕೂತಳು.

‘ತಿರುಗಿ ಬಾರವಾ,’ ಎಂದ ಸಿದ್ದಣ್ಣ. ‘ಈ ಸಲ ಕರಾರು ಬರದು ಕೊಡ್ತೇನಿ. ಎಲ್ಲಿ ಬೇಕಲ್ಲಿ ಸಹಿ ಹಾಕ್ತೇನಿ.’

‘ಬೇಡ ಅಂಕಲ್.’

ಅಂಕಲ್ ಎಂದಳು. ಅವನು ಕಾಫಿ ಕೆಳಗಿಟ್ಟ.

‘ನಿಮ್ಮ ನೋಟಿಸನ್ನ ಆವಾಗಲೇ ಕೌನ್ಸಿಲ್ ಆಫೀಸಲ್ಲಿ ತೋರಿಸಿದ್ದೆ,’ ಎಂದಳು ಮೆಲ್ಲಗೆ. ‘ಓನರ್ ಕೊಡಲೇಬೇಕಾದ ಗ್ಯಾಸ್ ಸೇಫ್ಟಿ ಸರ್ಟಿಫಿಕೇಟ್ ಕೊಟ್ಟಿಲ್ಲ, ಏನೂ ಕೊಟ್ಟಿಲ್ಲ, ಇದು ಕೋರ್ಟಲ್ಲಿ ನಿಲ್ಲಲ್ಲ, ನೀವು ಆರಾಮಾಗಿ ಅಲ್ಲೇ ಇರಿ ಅಂದ್ರು. ನಾನೇ ಬೇಡ ಅಂದೆ. ತವರುಮನೆ ಮೇಲೆ ಯಾರಾದ್ರೂ ಕೇಸ್ ಹಾಕ್ತಾರಾ?’

ಸಿದ್ದಣ್ಣ ಮುಖ ಮುಚ್ಚಿಕೊಂಡ. ಅವಳು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟಳು.

‘ಮನೇನ ಖಾಲಿ ಬಿಡಬೇಡಿ ಅಂಕಲ್. ಯಾರಿಗಾದ್ರೂ ಕೊಡಿ. ಆದರೆ ಅವರನ್ನ ಮಗಳು ಅನ್ನಬೇಡಿ.’

ವಾಪಸು ಬರುವಾಗ ರೈಲು ಪ್ರತಿ ಸ್ಟೇಷನ್ನಿನಲ್ಲೂ ಕಿರುಗುಟ್ಟಿ ನಿಂತಿತು. ಸಿದ್ದಣ್ಣ ಒಂದು ಸಲವೂ ಕಿವಿಗೊಡಲಿಲ್ಲ. ವೆಂಬ್ಲಿ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ನಮ್ಮ ರೈಲಿಗೆ ಕಾಯುತ್ತಿದ್ದಾಗ ನನ್ನ ಕಡೆ ತಿರುಗಿದ.

‘ಆಕಿ ಕೇಸ್ ಹಾಕಿದ್ರ ಚಲೋ ಇತ್ತು ಸುವರ್ಣಾ. ನಮ್ಮಪ್ಪಗ ಸಾಯೂತನಾ ಬೈಯಾಕ ಬಸವಂತಪ್ಪ ಅಂತ ಒಬ್ಬ ಇದ್ದ. ನನಗ ಯಾರದಾರ?’