ಕೈ ಇಲ್ಲದೆ ನಡೆದ ಗಡಿಯಾರ

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗಿ ಚಹಾಕ್ಕೆ ನೀರಿಡುತ್ತಿದ್ದವನು. ಕಾರವಾರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಂಥ ಕತೆ ಹೇಳುವವರಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಸುಸ್ತು ಮಾಡುವುದು ನನ್ನ ಚಾಳಿಯಾಗಿತ್ತು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ನಂಬುತ್ತಿರಲಿಲ್ಲ.

ನನಗೆ ಹಳೆಯ ಕೈಗಡಿಯಾರಗಳ ಹುಚ್ಚು. ಬ್ಯಾಟರಿಯವಲ್ಲ, ಹಲ್ಲುಚಕ್ರ, ಸ್ಪ್ರಿಂಗು ಇರುವಂಥವು. ಹಬ್ಬುವಾಡದ ನಮ್ಮ ಮನೆಯ ಜಗಲಿಯಲ್ಲಿ ಕಿಟಕಿಗೆ ತಾಗಿ ಒಂದು ಮೇಜಿದೆ. ಅದರ ಡ್ರಾಯರ್ ತುಂಬ ಅವೇ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು, ಎಲ್ಲರ ಕಿಸೆಗೂ ಮೊಬೈಲ್ ಬರುತ್ತಿತ್ತು. ಜನ ಬಿಚ್ಚಿ ಮೂಲೆಗಿಟ್ಟ ವಾಚುಗಳನ್ನು ನಾನು ಕೇಳಿ ಕೇಳಿ ತರುತ್ತಿದ್ದೆ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದನ್ನು ಬಿಚ್ಚಿ, ತೊಳೆದು, ಸೂಜಿಮೊನೆಯಲ್ಲಿ ಎಣ್ಣೆ ಮುಟ್ಟಿಸಿ ಮತ್ತೆ ಜೋಡಿಸಿದಾಗ ಒಳಗಿನ ಚಕ್ರ ಒಮ್ಮೆ ನಡುಗಿ, ಆಮೇಲೆ ತನ್ನಷ್ಟಕ್ಕೇ ಆಡತೊಡಗುತ್ತದಲ್ಲ, ಆ ಗಳಿಗೆಗಾಗಿ ನಾನು ಊಟ ಮರೆತದ್ದುಂಟು. "ಇಷ್ಟು ಗಡಿಯಾರ ಇಟ್ಕಂಡು ಹೊತ್ತಿಗೆ ಸರಿಯಾಗಿ ಊಟಕ್ಕೆ ಬರಲಿಕ್ಕೆ ಮಾತ್ರ ಆಗೂದಿಲ್ಲ," ಎಂದು ನನ್ನ ಹೆಂಡತಿ ಗೊಣಗುತ್ತಿದ್ದಳು.

ನಮ್ಮ ಓಣಿಗೆ ಮೀನು ತರುತ್ತಿದ್ದವಳು ದೇವಕಿ. ಅವಳ ಗಂಡ ಉಮಾಕಾಂತ ಸಣ್ಣ ದೋಣಿಯಲ್ಲಿ ಕಡಲಿಗೆ ಹೋಗುವವನು. ಮೊದಲು ಚೆಂಡಿಯಾದ ಕಡೆ ಇದ್ದವರು. ಜಾಗ ನೌಕಾನೆಲೆಗೆ ಹೋದ ಮೇಲೆ ಅಂಕೋಲೆಯ ಹಾರವಾಡದಲ್ಲಿ ಬಿಡಾರ ಹೂಡಿದ್ದರು. ಒಂದು ಭಾನುವಾರ ಇಬ್ಬರೂ ಸೇರಿ ನನ್ನ ಜಗಲಿಗೆ ಬಂದರು. ಮದುವೆಯಲ್ಲಿ ಮಾವ ಕೊಟ್ಟ ಜಪಾನಿನ ಆಟೋಮ್ಯಾಟಿಕ್ ವಾಚು ಉಪ್ಪುನೀರು ಕುಡಿದು ನಿಂತುಹೋಗಿತ್ತು.

ಆಟೋಮ್ಯಾಟಿಕ್ ವಾಚಿನ ಗುಣವನ್ನು ವಿವರಿಸುವುದೆಂದರೆ ನನಗೆ ಬಲು ಉಮೇದು. ಅದರೊಳಗೆ ಅರ್ಧಚಂದ್ರದಂಥ ಒಂದು ಭಾರದ ತುಂಡಿರುತ್ತದೆ. ಕಟ್ಟಿಕೊಂಡವರ ಕೈ ಆಡಿದಾಗೆಲ್ಲ ಅದು ತಿರುಗಿ ಸ್ಪ್ರಿಂಗಿಗೆ ಕೀಲಿ ಕೊಡುತ್ತದೆ. ದೇವಕಿಗೆ ಹೇಳಿದೆ: "ಇದಕ್ಕೆ ನಿನ್ನ ಗಂಡನ ಕೈಯೇ ಕೀಲಿ. ಕೈ ಆಡುತ್ತಿದ್ದರೆ ಇದೂ ಆಡುತ್ತದೆ. ಬಿಚ್ಚಿಟ್ಟರೆ ಒಂದೂವರೆ ದಿನ, ಅಷ್ಟೆ."

ಉಮಾಕಾಂತ ನಕ್ಕು ಹೆಂಡತಿಯ ಕಡೆ ತಿರುಗಿದ. "ಹಂಗಾರೆ ನಾ ಮನೆಗೆ ಬರೂಕೆ ತಡ ಆದ್ರೆ ಇದ್ನೇ ಕೇಳು ಮಾರಾಯ್ತಿ. ಸುಮ್ನೆ ದಂಡೆ ಮೇಲೆ ನಿಂತ್ಕಂಡು ಕೂಗೂದು ಬೇಡ."

ಅವಳು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಮುಂದಿನ ಭಾನುವಾರ ಬನ್ನಿ ಎಂದು ಕಳಿಸಿದೆ.

ವಾಚು ಬೇಗನೆ ಸರಿಹೋಯಿತು. ರಿಪೇರಿಯಾದ ಆಟೋಮ್ಯಾಟಿಕ್ಕನ್ನು ಒಂದೆರಡು ದಿನ ನನ್ನ ಕೈಗೇ ಕಟ್ಟಿ ನೋಡುವುದು ವಾಡಿಕೆ. ಹಾಗೆ ನೋಡಿ, ಬುಧವಾರ ಬಿಚ್ಚಿ ಡ್ರಾಯರಿನಲ್ಲಿಟ್ಟೆ. ಅದರ ಮಾರನೆಯ ದಿನವೇ ಬೇಲೇಕೇರಿಯ ಆಚೆ ಗಾಳಿಗೆ ಸಿಕ್ಕಿ ಉಮಾಕಾಂತನ ದೋಣಿ ಮಗುಚಿತು. ಜೊತೆಯಲ್ಲಿದ್ದವರು ಈಜಿ ದಡ ಸೇರಿದರು. ಅವನು ಮಾತ್ರ ಬರಲಿಲ್ಲ, ದೇಹವೂ ಸಿಗಲಿಲ್ಲ.

ಭಾನುವಾರ ಯಾರೂ ಬರುವುದಿಲ್ಲವೆಂದು ಗೊತ್ತಿದ್ದರೂ ವಾಚನ್ನು ಒರೆಸಿಡೋಣವೆಂದು ಡ್ರಾಯರ್ ಎಳೆದೆ. ಬಿಚ್ಚಿಟ್ಟು ನಾಲ್ಕು ದಿನವಾಗಿದ್ದರೂ ಅದು ನಡೆಯುತ್ತಿತ್ತು. ಹೊತ್ತೂ ಸರಿಯಾಗಿತ್ತು.

ಮೊದಲು ಹೆಂಡತಿಯನ್ನು ಕೇಳಿದೆ. "ನಿಮ್ಮ ಆ ಗುಜರಿ ನಾ ಎಂತಕೆ ಮುಟ್ಟೂದು?" ಎಂದಳು. ನಾನು ಬಿಚ್ಚಿಟ್ಟ ದಿನವನ್ನೇ ತಪ್ಪಾಗಿ ನೆನಪಿಟ್ಟುಕೊಂಡಿರಬೇಕು ಎಂದುಕೊಂಡೆ. ಡ್ರಾಯರಿಗೆ ಬೀಗ ಹಾಕಿ ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡೆ. ಎರಡು ದಿನ, ಮೂರು ದಿನ ಕಳೆದು ನೋಡಿದರೂ ಅದು ನಡೆಯುತ್ತಲೇ ಇತ್ತು. ರೈಲಿನ ಅದುರು ಇರಬಹುದೆಂದು ಮೇಜಿನ ಮೇಲೆ ತಟ್ಟೆಯಲ್ಲಿ ನೀರಿಟ್ಟು ನೋಡಿದೆ. ನೀರು ಅಲುಗಲಿಲ್ಲ. ಪಕ್ಕದಲ್ಲೇ ಇಟ್ಟಿದ್ದ ಅದೇ ಥರದ ಇನ್ನೊಂದು ವಾಚು ನಿಯಮದಂತೆ ನಿಂತಿತ್ತು.

ಒಂದು ಸಂಜೆ ಜೋರು ಮಳೆ, ಕರೆಂಟು ಹೋಗಿತ್ತು. ಮೇಣದ ಬತ್ತಿ ಹಚ್ಚಿ ವಾಚಿನ ಹಿಂಬದಿಯ ಮುಚ್ಚಳ ತೆಗೆದು, ಬಟ್ಟೆಯ ಮೇಲೆ ಕವುಚಿಟ್ಟು ಕೂತೆ. ಸಮತಟ್ಟಾದ ಮೇಜಿನ ಮೇಲೆ, ನನ್ನ ಕಣ್ಣೆದುರಿಗೇ, ಆ ಭಾರದ ತುಂಡು ತಿರುಗಿತು. ಅರ್ಧ ಸುತ್ತು ಎಳೆದುಕೊಂಡು ನಿಂತಿತು. ಮತ್ತೆ ಅರ್ಧ ಸುತ್ತು ಎಳೆದುಕೊಂಡಿತು. ಕಾರವಾರದ ದಂಡೆಯಲ್ಲಿ ಜನ ಸಾಲಾಗಿ ನಿಂತು ರಂಪಣಿಯೆಂಬ ದೊಡ್ಡ ಬಲೆ ಎಳೆಯುವುದನ್ನು ನಾನು ಚಿಕ್ಕಂದಿನಿಂದ ನೋಡಿದವನು. ಒಂದೆಳೆತ, ಒಂದುಸಿರು, ಮತ್ತೆ ಒಂದೆಳೆತ. ಅದೇ ಲಯ. ನನಗೆ ಹೆದರಿಕೆಯಾಯಿತು ಎಂದು ಹೇಳಲು ನಾಚಿಕೆಯಿಲ್ಲ. ಮುಚ್ಚಳ ಹಾಕಿ, ಡ್ರಾಯರಿಗೆ ಬೀಗ ಜಡಿದೆ. ಒಳಗೆ ಹೋಗಿ ಹೆಂಡತಿಯ ಪಕ್ಕ ಕೂತುಬಿಟ್ಟೆ.

ಅದಾದ ಸ್ವಲ್ಪ ದಿನಕ್ಕೆ ದೇವಕಿ ಬಂದಳು, ಜೊತೆಗೆ ಉಮಾಕಾಂತನ ಅಣ್ಣ ನಾರಾಯಣ. ದೇಹ ಸಿಗದಿದ್ದರೆ ಹುಲ್ಲಿನ ಬೊಂಬೆ ಮಾಡಿ ಕ್ರಿಯೆ ಮುಗಿಸುತ್ತಾರೆ. ಮನೆಯವರು ಅದಕ್ಕೆ ದಿನ ಗೊತ್ತು ಮಾಡಿದ್ದರು. ಅಂದು ಅವಳ ಬಳೆ, ತಾಳಿ ತೆಗೆಯಬೇಕು. ಬೊಂಬೆಯ ಜೊತೆ ಇಡಲು ಅವನ ವಾಚು ಬೇಕಿತ್ತು.

"ನಡಿತೇ ಅದ್ಯಾ, ಮಾಸ್ತರ್ರೆ?" ಎಂದು ಅವಳು ಕೇಳಿದಳು. "ನೀವೇ ಹೇಳಿದ್ರಿ ಅಲ್ದಾ, ಕೈ ಆಡಿದ್ರೆ ಮಾತ್ರ ಇದು ನಡೀತದೆ ಹೇಳಿ."

ಏನು ಹೇಳಲಿ? ನಿಂತಿದೆ ಎಂದರೆ ಸುಳ್ಳಾಗುತ್ತದೆ, ನಡೆಯುತ್ತಿದೆ ಎಂದರೆ ಅವಳು ಜೀವಮಾನವಿಡೀ ದಂಡೆಯಲ್ಲಿ ಕಾಯುತ್ತಾಳೆ. ಬೀಗ ತೆಗೆದು ವಾಚನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಕಿವಿಗೆ ಹಿಡಿದಳು. ಆ ಮುಖವನ್ನು ನಾನು ಮರೆತಿಲ್ಲ.

"ಮಾಸ್ತರ್ರು ಕಟ್ಕಂಡಿರ್ಬೇಕು," ಎಂದ ನಾರಾಯಣ. ಇಲ್ಲವೆಂದು ತಲೆಯಾಡಿಸಿದೆ.

"ನಾ ಬಳೆ ತೆಗೂದಿಲ್ಲ ಭಾವಾ," ಎಂದಳು ದೇವಕಿ. ವಾಚನ್ನು ನನಗೇ ಮರಳಿಸಿದಳು. "ಇದು ಇಲ್ಲೇ ಇರ್ಲಿ. ನಮ್ಮನೇಲಿ ಇದ್ರೆ ನಾನೇ ಅಲ್ಲಾಡ್ಸಿ ನಡಸ್ತೆ ಹೇಳಿ ಜನ ಆಡ್ಕಂತ್ರು."

ಮಳೆಗಾಲವಿಡೀ ಹೀಗೇ ಸಾಗಿತು. ಒಣಮೀನಿನ ಬುಟ್ಟಿ ಹೊತ್ತು ಬಂದಾಗೆಲ್ಲ ಅವಳು ಜಗಲಿಯ ಕೆಳಗೆ ನಿಲ್ಲುತ್ತಿದ್ದಳು. ನಾನು ಡ್ರಾಯರ್ ತೆಗೆದು ತೋರಿಸುತ್ತಿದ್ದೆ. ನೋಡಿ, ಸೆರಗು ಸರಿಮಾಡಿಕೊಂಡು ಹೋಗುತ್ತಿದ್ದಳು. ಊರಲ್ಲಿ ಅವಳಿಗೆ ತಲೆಕೆಟ್ಟಿದೆ ಎಂದರು. ಗಂಡನ ಕಡೆಯವರು ಅವಳನ್ನು ಶುಭಕಾರ್ಯಕ್ಕೂ ಕರೆಯಲಿಲ್ಲ, ಅಶುಭಕ್ಕೂ ಕರೆಯಲಿಲ್ಲ. ನಾನು ದಿನಾ ಬೆಳಿಗ್ಗೆ ಎದ್ದು ಮೊದಲು ಆ ಡ್ರಾಯರ್ ಎಳೆಯುತ್ತಿದ್ದೆ. ನಿಂತಿರಲಿ ಎಂದು ಬೇಡುತ್ತಿದ್ದೆನೋ ನಡೆಯುತ್ತಿರಲಿ ಎಂದು ಬೇಡುತ್ತಿದ್ದೆನೋ, ನನಗೇ ಗೊತ್ತಿರಲಿಲ್ಲ.

ಶ್ರಾವಣದಲ್ಲಿ ನಾರಳಿ ಹುಣ್ಣಿಮೆ ಬಂತು. ಅಂದು ಮೀನುಗಾರರು ಕಡಲಿಗೆ ತೆಂಗಿನಕಾಯಿ ಬಿಟ್ಟು ಮತ್ತೆ ಕಸುಬಿಗೆ ಇಳಿಯುತ್ತಾರೆ. ಬೆಳಿಗ್ಗೆ ನೋಡಿದಾಗ ವಾಚು ನಡೆಯುತ್ತಿತ್ತು. ಸಂಜೆ ದೇವಕಿ ಬಂದಳು. ಬುಟ್ಟಿ ಇರಲಿಲ್ಲ, ಸೀರೆಯ ಅಂಚು ಇನ್ನೂ ಒದ್ದೆಯಿತ್ತು, ಕೈಗಳು ಬರಿದಾಗಿದ್ದವು.

"ನಿಂತದೆ ಮಾಸ್ತರ್ರೆ," ಎಂದಳು, ನಾನು ಬೀಗ ತೆಗೆಯುವ ಮೊದಲೇ. "ಕಾಯಿ ಬಿಡೂಕೆ ನೀರಿಗೆ ಇಳ್ದಿದ್ದೆ. ದೊಡ್ಡ ತೆರೆ ಬಂತು. ಮೊದ್ಲೆಲ್ಲ ತೆರೆ ಬಂದ್ರೆ ಅವ್ರು ನನ್ನ ಮಣಿಕಟ್ಟು ಹಿಡ್ಕಂತಿದ್ರು. ಹಂಗೇ ಹಿಡ್ಕಂಡ್ರು. ತೆರೆ ಹೋದ ಕೂಡ್ಲೆ ಬಿಟ್ರು. ನಂಗೆ ಗೊತ್ತಾಯ್ತು. ಬಳೆ ಅಲ್ಲೇ ತೆಗ್ದು ನೀರಿಗೆ ಹಾಕ್ದೆ."

ಡ್ರಾಯರ್ ಎಳೆದೆ. ವಾಚು ನಿಂತಿತ್ತು.

ಅವಳು ಅಳಲಿಲ್ಲ. ನಾನು ಅತ್ತೆ. ಅವಳೇ ನನ್ನ ಹೆಂಡತಿಯನ್ನು ಕರೆದು ನೀರು ತರಿಸಿದಳು. ಆಮೇಲೆ ವಾಚನ್ನು ಎತ್ತಿಕೊಂಡು ತನ್ನ ಬರಿಗೈಗೆ ಕಟ್ಟಿಕೊಂಡಳು. ಪಟ್ಟಿ ದೊಡ್ಡದಾಯಿತು. ಇನ್ನೊಂದು ತೂತು ಕೊರೆದುಕೊಟ್ಟೆ.

ಕ್ರಿಯೆ ನಡೆಯಿತು. ಬೊಂಬೆಯ ಜೊತೆ ವಾಚು ಇಡಲಿಲ್ಲ. ಮುಂದೆ ಒಮ್ಮೆ ಅವಳಿಂದ ಅದನ್ನು ಕೇಳಿ ತಂದು ಪೂರ್ತಿ ಬಿಚ್ಚಿ ಪರೀಕ್ಷಿಸಿದೆ. ಯಾವ ವಿಶೇಷವೂ ಇಲ್ಲ. ಡ್ರಾಯರಿನಲ್ಲಿಟ್ಟರೆ ಎಲ್ಲ ಆಟೋಮ್ಯಾಟಿಕ್ ವಾಚುಗಳಂತೆ ಒಂದೂವರೆ ದಿನಕ್ಕೆ ನಿಲ್ಲುತ್ತದೆ. ನಾನು ಕಂಡದ್ದು ಭ್ರಮೆಯೆಂದರೆ ನಾರಾಯಣನೂ ಅದನ್ನು ಕಂಡಿದ್ದಾನೆ. ಯಾರೋ ಕಳ್ಳಾಟ ಆಡಿದರೆಂದರೆ ಬೀಗದಕೈ ನನ್ನ ಮೈಮೇಲೇ ಇತ್ತು. ಇಷ್ಟು ವರ್ಷ ತಲೆ ಕೆರೆದುಕೊಂಡರೂ ನನಗೆ ಉತ್ತರ ಸಿಕ್ಕಿಲ್ಲ.

ಕಳೆದ ಸಲ ಅಂಕೋಲೆಗೆ ಹೋದಾಗ ಮೀನುಪೇಟೆಯಲ್ಲಿ ದೇವಕಿ ಇಸ್ವಾಣ ಮೀನು ಕೊಯ್ಯುತ್ತಿದ್ದಳು. ಕತ್ತಿ ಏರಿ ಇಳಿದಂತೆ ಮಣಿಕಟ್ಟಿನಲ್ಲಿ ಆ ಗಂಡಸರ ವಾಚೂ ಏರಿ ಇಳಿಯುತ್ತಿತ್ತು. ಗಾಜಿನ ಮೇಲೆ ಮೀನಿನ ಹುರುಪೆ ಅಂಟಿತ್ತು.

"ನಡಿತೇ ಅದ್ಯಾ?" ಎಂದು ಈ ಸಲ ನಾನೇ ಕೇಳಿದೆ.

"ನಾ ಕೂತ್ರೆ ಅಲ್ದಾ ಅದು ನಿಲ್ಲೂದು," ಎಂದು ನಕ್ಕು, ಮುಂದಿನ ಮೀನು ಎತ್ತಿಕೊಂಡಳು.