ದಿಗ್ಗೇವಾಡಿಯ ಹೊಲದಲ್ಲಿ ತೆಗೆದ ನಕಾಶೆ

ಎಂಬತ್ತರ ದಶಕದಲ್ಲಿ ನಾನು ವಿಶ್ವವಿದ್ಯಾಲಯದಲ್ಲಿ ಭೂಗೋಳ ಕಲಿಸುತ್ತಿದ್ದೆ. ಪಿಎಚ್.ಡಿ.ಗಾಗಿ ರಾಯಬಾಗ ತಾಲೂಕಿನ ದಿಗ್ಗೇವಾಡಿಯ ಹೊಳೆದಂಡೆಯ ಹೊಲಗಳನ್ನು ಹೆಜ್ಜೆಯಿಂದ ಅಳೆದು, ಯಾವ ಬೆಳೆ ಎಷ್ಟಿದೆ ಎಂದು ಬರೆದುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಹೊಲದ ಯಜಮಾನನಾದ ಮುದುಕನೊಬ್ಬ ಬಂದು ನನ್ನ ನೋಟುಬುಕ್ಕು ಕಸಿದುಕೊಂಡ. ಎರಡು ವರ್ಷದ ಕೆಲಸವೆಲ್ಲ ಅದರಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ.

“ನೀವು ಸರ್ವೇದವ್ರು. ಕಾಲುವಿಗೆ ನಮ್ಮ ಹೊಲ ತಗೋಳಾಕ ಬಂದೀರಿ. ಇದನ್ನ ಹೊಳಿಗೆ ಒಗೀತೇನಿ ನೋಡ್ರಿ,” ಎಂದ.

“ನಾನು ಭೂಗೋಳದ ಮಾಸ್ತರ,” ಎಂದು ಗುರುತಿನ ಚೀಟಿ ತೋರಿಸಿದೆ. ಅವನು ಅದನ್ನು ಮುಟ್ಟಲಿಲ್ಲ.

“ಮಾಸ್ತರಾದ್ರ ಕರ್ನಾಟಕದ ನಕಾಶಿ ತಗೀರಿ. ನಮ್ಮ ಸಾಲಿ ಮಾಸ್ತರು ಕಣ್ಣ ಮುಚ್ಚಿ ತಗೀತಿದ್ರು.”

ನಾನು ಯಾವಾಗಲೂ ಟ್ರೇಸಿಂಗ್ ಕಾಗದ ಇಟ್ಟು ನಕಾಶೆ ತೆಗೆದವನು. ಕಡ್ಡಿ ಹಿಡಿದು ಮಣ್ಣಿನ ಮೇಲೆ ಗೆರೆ ಎಳೆದೆ. ಬೀದರದ ಕುತ್ತಿಗೆ ಉದ್ದವಾಯಿತು, ಕರಾವಳಿ ಒಳಗೆ ಸರಿಯಿತು.

“ಇದರಾಗ ನಮ್ಮ ರಾಯಬಾಗ ಎಲ್ಲೈತ್ರಿ?”

“ಜಾಗ ಸಾಲಲಿಲ್ಲ,” ಎಂದೆ.

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಇಂಥಾ ನಕಾಶಿ ತಗಿಯಾವ್ರನ್ನ ಸರ್ವೇಕ್ಕ ಯಾರ ಇಟಗೋತಾರ್ರಿ? ನೀವು ಸರ್ವೇದವ್ರಲ್ಲ, ಅದು ಖರೆ. ಮಾಸ್ತರ ಹೌದೋ ಅಲ್ಲೋ, ನಿಮ್ಮ ಯುನಿವರ್ಸಿಟಿಯವ್ರು ನೋಡ್ಕೋಲಿ.”

ನೋಟುಬುಕ್ಕು ನನ್ನ ಕೈಗೆ ಬಂತು. ಹಿಂದೆಯೇ ಒಂದು ತಂಬಿಗೆ ಮಜ್ಜಿಗೆಯೂ ಬಂತು. ಅಷ್ಟು ತಂಪಾದ ಮಜ್ಜಿಗೆ ನಾನು ಮತ್ತೆ ಕುಡಿದಿಲ್ಲ.

ಯುನಿವರ್ಸಿಟಿಯವರು ಮುಂದೆ ನನಗೆ ಡಾಕ್ಟರೇಟ್ ಕೊಟ್ಟರು. ಪುಣ್ಯಕ್ಕೆ, ಅವರ್‍ಯಾರೂ ನಕಾಶೆ ತೆಗೆಸಿ ನೋಡಲಿಲ್ಲ.